ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್: ಇಂಟೆಲ್, ಎಎಂಡಿ, ಎನ್ವಿಡಿಯಾಗಳಲ್ಲಿ ಯಾರ ಡ್ರೈವರನ್ನು ನಂಬಿ ದುಡ್ಡು ಹಾಕಬಹುದು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು. ಅಂದಿನಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳಗಳ ಪರಿಚಿತರು ನನ್ನಲ್ಲಿ ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದಾರೆ. ವಿಂಡೋಸಿನ ಬದಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಬೇಕೇ ಬೇಡವೇ ಎಂಬುದು ಆ ಪ್ರಶ್ನೆಯಲ್ಲ. ಕೇರಳದ ಶಾಲೆಗಳಲ್ಲಿ ರಾಜ್ಯ ಸರ್ಕಾರದ ಕೈಟ್ ಸಂಸ್ಥೆ ರೂಪಿಸಿದ, ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸೇ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪರದೆ ಮನೆಯ ಅಂಗಳದಷ್ಟೇ ಪರಿಚಿತ. ಹಾಕಿದ ಮೇಲೆ ವಿಡಿಯೋ ಏಕೆ ತಡವರಿಸುತ್ತದೆ, ಫ್ಯಾನ್ ಏಕೆ ಬೊಬ್ಬೆ ಹೊಡೆಯುತ್ತದೆ, ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಸಿಕ್ಕಿಸಿದರೆ ಸರಿಹೋದೀತೇ, ತರುವುದಾದರೆ ಯಾವ ಕಂಪನಿಯದು ಎಂಬುದು ಅವರ ಪ್ರಶ್ನೆ.

ಕೇಳುವವರಲ್ಲಿ ಮೂರು ಬಗೆಯವರಿದ್ದಾರೆ. ಅಡಿಕೆ ಧಾರಣೆ ನೋಡುವುದಕ್ಕೆ, ಬ್ಯಾಂಕಿನ ಕೆಲಸಕ್ಕೆ, ಸಂಜೆ ಯೂಟ್ಯೂಬಿನಲ್ಲಿ ತಾಳಮದ್ದಳೆ ಕೇಳುವುದಕ್ಕೆ ಕಂಪ್ಯೂಟರ್ ಇಟ್ಟುಕೊಂಡವರು ಮೊದಲನೆಯವರು. ಶಾಲೆಯ ಲಿಟಲ್ ಕೈಟ್ಸ್ ಕೂಟದಲ್ಲಿ ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶ ಕಲಿತ ಮಗಳು ಮನೆಯಲ್ಲೂ ಅದನ್ನೇ ಮಾಡಬೇಕೆನ್ನುತ್ತಾಳೆ ಎಂಬ ತಂದೆತಾಯಿ ಎರಡನೆಯವರು. ಊರ ದೇವಸ್ಥಾನದ ಬಯಲಾಟವನ್ನು ರಾತ್ರಿಯಿಡೀ ನೇರಪ್ರಸಾರ ಮಾಡುವವರು ಮೂರನೆಯವರು. ಈ ಮೂವರಿಗೂ ಒಂದೇ ಕಾರ್ಡನ್ನು ಸೂಚಿಸುವವರ ಮಾತನ್ನು ಕೇಳಬೇಡಿ.

ವಿಂಡೋಸಿನಲ್ಲಿ ಕಾರ್ಡನ್ನು ಆರಿಸುತ್ತೇವೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅದರ ಹಿಂದೆ ಬರುತ್ತದೆ. ಲಿನಕ್ಸಿನಲ್ಲಿ ಡ್ರೈವರನ್ನು ಆರಿಸಬೇಕು, ಕಾರ್ಡು ಅದರ ಹಿಂದೆ ಬರಬೇಕು. ಇದನ್ನು ನಾನು ದುಡ್ಡು ಕೊಟ್ಟೇ ಕಲಿತೆ. 2021ರಲ್ಲಿ ಮಂಗಳೂರಿನ ಒಂದು ಅಂಗಡಿಯಿಂದ ಜಿಟಿ 730 ಎಂಬ ಬಳಸಿದ ಕಾರ್ಡನ್ನು 1,800 ರೂಪಾಯಿಗೆ ತಂದಿದ್ದೆ. ಕೆಪ್ಲರ್ ತಲೆಮಾರಿನದೆಂದು ನಂಬಿದ್ದೆ. ಹಾಕಿ ನೋಡಿದರೆ ಒಳಗಿನ ಚಿಪ್ ಅದಕ್ಕೂ ಹಿಂದಿನ ಫರ್ಮಿ ಕಾಲದ ಜಿಎಫ್108. ಎನ್ವಿಡಿಯಾ ಒಂದೇ ಹೆಸರಿನಲ್ಲಿ ಎರಡು ತಲೆಮಾರಿನ ಚಿಪ್‌ಗಳನ್ನು ಮಾರಿತ್ತು ಎಂಬುದು ನನಗೆ ಆಗ ತಿಳಿದದ್ದು. ಫರ್ಮಿಗೆ ಬೇಕಾದ 390ರ ಡ್ರೈವರ್ ಶಾಖೆಗೆ 2022ರ ಡಿಸೆಂಬರಿನಲ್ಲಿ ಕಂಪನಿ ತೆರೆ ಎಳೆಯಿತು. ಕಾರ್ಡು ಇಂದಿಗೂ ಕೆಟ್ಟಿಲ್ಲ, ಕಪಾಟಿನಲ್ಲಿದೆ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದದ್ದನ್ನೇ ಹೇಳಿದ್ದರು.

ಅಳತೆಗೋಲುಗಳು

ಆಯ್ಕೆಗೆ ಹೊರಡುವ ಮೊದಲು ಯಾವುದರಿಂದ ಅಳೆಯುತ್ತೇವೆ ಎಂಬುದು ಸ್ಪಷ್ಟವಾಗಿರಬೇಕು. ಎಲ್ಲಕ್ಕಿಂತ ಮೊದಲನೆಯದು ಕೆಲಸದ ಸ್ವರೂಪ. ‘ಹಾರ್ಡ್‌ವೇರ್ ಆ್ಯಕ್ಸಿಲರೇಶನ್’ ಎಂದು ಒಂದೇ ಉಸಿರಿನಲ್ಲಿ ಹೇಳುವ ಮಾತಿನೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಪರದೆಯ ಮೇಲೆ ಕಿಟಕಿಗಳನ್ನೂ ಮೂರು ಆಯಾಮದ ಚಿತ್ರಗಳನ್ನೂ ಬಿಡಿಸುವುದು ಒಂದು, ಸಂಕುಚಿತ ವಿಡಿಯೋವನ್ನು ಬಿಚ್ಚುವುದು ಇನ್ನೊಂದು, ಕ್ಯಾಮೆರಾದಿಂದ ಬಂದದ್ದನ್ನು ಸಂಕುಚಿಸಿ ಕಳುಹಿಸುವುದು ಮತ್ತೊಂದು, ಬ್ಲೆಂಡರಿನ ರೆಂಡರಿಂಗ್‌ನಂತಹ ಭಾರೀ ಲೆಕ್ಕಾಚಾರ ಮಗದೊಂದು. ಚಿಪ್ಪಿನಲ್ಲಿ ಇವುಗಳಿಗೆ ಬೇರೆ ಬೇರೆ ಭಾಗಗಳಿವೆ, ಲಿನಕ್ಸಿನಲ್ಲಿ ಬೇರೆ ಬೇರೆ ತಂತ್ರಾಂಶಗಳಿವೆ. ಒಂದು ಸರಿಯಿದ್ದು ಇನ್ನೊಂದು ಕೈಕೊಡುವುದು ಮಾಮೂಲು.

ಎರಡನೆಯದು ಡ್ರೈವರಿನ ಉಳಿದ ಆಯುಷ್ಯ, ಮೂರನೆಯದು ಉಸ್ತುವಾರಿ. ಲಿನಕ್ಸಿನ ತಿರುಳಾದ ಕರ್ನಲ್ ನವೀಕರಣವಾದ ಮರುದಿನ ಬೆಳಿಗ್ಗೆ ಪರದೆ ಕಪ್ಪಾದರೆ ಸರಿಪಡಿಸುವವರು ಮನೆಯಲ್ಲಿದ್ದಾರೆಯೇ ಅಥವಾ ಮಗ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿಕೊಡಬೇಕೇ ಎಂಬುದು ಬೆಲೆಗಿಂತ ಮುಖ್ಯವಾದ ಪ್ರಶ್ನೆ. ನಾಲ್ಕನೆಯದು ವಿದ್ಯುತ್ತು. ಕಚೇರಿಗಳಿಂದ ಹರಾಜಾಗಿ ಬಂದ ಚಿಕ್ಕ ಡೆಸ್ಕ್‌ಟಾಪುಗಳ ಪವರ್ ಸಪ್ಲೈ ಬಹುತೇಕ 180ರಿಂದ 240 ವ್ಯಾಟಿನದು, ಅದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದು ಪ್ರತ್ಯೇಕ ತಂತಿ ಇರುವುದಿಲ್ಲ, ಪೂರ್ಣ ಎತ್ತರದ ಕಾರ್ಡು ಅದರೊಳಗೆ ಹಿಡಿಸುವುದೂ ಇಲ್ಲ. ಬೆಲೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಹತ್ತರಲ್ಲಿ ನಾಲ್ಕೈದು ಮಂದಿಗೆ ಏನನ್ನೂ ಕೊಳ್ಳಬೇಕಾಗಿಯೇ ಇರುವುದಿಲ್ಲ ಎಂಬುದು ನನ್ನ ಅನುಭವ.

ಕೊಳ್ಳುವ ಮೊದಲು ಒಂದು ಗಂಟೆಯ ತಪಾಸಣೆ

ಮೊದಲು ಒಳಗಿರುವ ಚಿಪ್ ಯಾವುದು, ಅದನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂಬುದನ್ನು ನೋಡಬೇಕು. ಆದೇಶಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ‘ಎಲ್ಎಸ್‌ಪಿಸಿಐ’ ಆದೇಶವನ್ನು ‘ಎನ್ಎನ್‌ಕೆ’ ಆಯ್ಕೆಯೊಡನೆ ಕೊಟ್ಟರೆ ಚಿಪ್ಪಿನ ನಿಜವಾದ ಹೆಸರೂ ಬಳಕೆಯಲ್ಲಿರುವ ಕರ್ನಲ್ ಡ್ರೈವರಿನ ಹೆಸರೂ ಸಿಗುತ್ತವೆ. ಅಲ್ಲಿ ಇಂಟೆಲ್‌ಗೆ ‘ಐ915’ ಅಥವಾ ‘ಎಕ್ಸ್ಇ’, ಎಎಂಡಿಗೆ ‘ಎಎಂಡಿಜಿಪಿಯು’ ಅಥವಾ ‘ರೇಡಿಯಾನ್’, ಎನ್ವಿಡಿಯಾಗೆ ‘ನೂವೋ’ ಅಥವಾ ‘ಎನ್ವಿಡಿಯಾ’ ಎಂದು ಕಾಣಬೇಕು. ಡ್ರೈವರಿನ ಸಾಲೇ ಇಲ್ಲದಿದ್ದರೆ ತೊಂದರೆ ಅಲ್ಲೇ ಇದೆ.

ಎರಡನೆಯದಾಗಿ, ‘ಜಿಎಲ್ಎಕ್ಸ್‌ಇನ್ಫೋ’ ಆದೇಶವನ್ನು ದೊಡ್ಡಕ್ಷರದ ‘ಬಿ’ ಆಯ್ಕೆಯೊಡನೆ ಕೊಟ್ಟು ‘ರೆಂಡರರ್’ ಸಾಲನ್ನು ಓದಬೇಕು. ಚಿಪ್ಪಿನ ಹೆಸರಿದ್ದರೆ ಒಳ್ಳೆಯದು. ‘ಎಲ್ಎಲ್‌ವಿಎಂಪೈಪ್’ ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಮಲಗಿದೆ, ಪರದೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರ್ ಕೈಯಾರೆ ಬಿಡಿಸುತ್ತಿದೆ ಎಂದರ್ಥ. ಫ್ಯಾನಿನ ಬೊಬ್ಬೆಗೆ ಕಾರಣ ಅದೇ.

ಹೀಗಾಗುವುದಕ್ಕೆ ನಾನು ಅತಿ ಹೆಚ್ಚು ಕಂಡ ಕಾರಣ ನಗೆ ಬರುವಷ್ಟು ಚಿಕ್ಕದು. ಅನುಸ್ಥಾಪನೆಯ ಹೊತ್ತಿನಲ್ಲಿ ಪರದೆ ಬರಲಿಲ್ಲವೆಂದು ‘ಸೇಫ್ ಗ್ರಾಫಿಕ್ಸ್’ ಆಯ್ಕೆಯನ್ನು ಒತ್ತಿರುತ್ತಾರೆ. ಅದು ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ ಎಂಬ ಪದವನ್ನು ಸೇರಿಸುತ್ತದೆ. ಕೆಲಸ ಮುಗಿದ ಮೇಲೂ ಆ ಪದ, ಯಂತ್ರ ಏಳುವಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್ ತಂತ್ರಾಂಶದ ಕಡತದಲ್ಲಿ ಹಾಗೆಯೇ ಉಳಿದು, ಕರ್ನಲ್ ಡ್ರೈವರ್ ಏಳದಂತೆ ವರ್ಷಗಟ್ಟಲೆ ತಡೆದಿರುತ್ತದೆ. ಅದನ್ನು ಅಳಿಸಿ ಗ್ರಬ್ಬನ್ನು ನವೀಕರಿಸಿದರೆ ಹಲವು ಯಂತ್ರಗಳು ಅಲ್ಲಿಗೇ ಗುಣವಾಗುತ್ತವೆ. ಎರಡನೆಯ ಕಾರಣ ಫರ್ಮ್‌ವೇರ್, ಅಂದರೆ ಚಿಪ್ಪಿಗೆ ತುಂಬಬೇಕಾದ ಅದರದೇ ಒಳತಂತ್ರಾಂಶ, ಇಲ್ಲದಿರುವುದು. ಎಎಂಡಿ ಚಿಪ್‌ಗಳು ಫರ್ಮ್‌ವೇರ್ ಕಡತಗಳಿಲ್ಲದೆ ಸರಿಯಾಗಿ ಏಳುವುದಿಲ್ಲ. ಉಬುಂಟುವಿನಂತೆಯೇ ಲಿನಕ್ಸಿನ ಒಂದು ವಿತರಣೆಯಾದ ಡೆಬಿಯನ್ ಈ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪಕದೊಳಗೆ ಸೇರಿಸಿಕೊಂಡದ್ದು 2023ರ 12ನೆಯ ಆವೃತ್ತಿಯಿಂದ. ಹಳೆಯ ಆವೃತ್ತಿಯಿಂದ ಹಾಕಿದವರು ಕೈಯಿಂದ ಸೇರಿಸಬೇಕಾಗುತ್ತದೆ. ಮೂರನೆಯ ಕಾರಣವನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೆ ಎರಡು ಮನೆಗಳಲ್ಲಿ ಕಂಡಿದ್ದೇನೆ: ಕಾರ್ಡು ಹಾಕಿಸಿ, ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಯಲ್ಲೇ ಬಿಟ್ಟಿದ್ದರು.

ಮೂರನೆಯದಾಗಿ, ವಿಡಿಯೋದ ಪರೀಕ್ಷೆ. ‘ವಿಎಇನ್ಫೋ’ ಎಂಬ ಆದೇಶ ಚಿಪ್ ಯಾವ ಯಾವ ವಿಡಿಯೋ ಮಾದರಿಗಳನ್ನು ಬಿಚ್ಚಬಲ್ಲದೆಂದು ಪಟ್ಟಿ ಕೊಡುತ್ತದೆ. ‘ವಿಎಲ್‌ಡಿ’ ಎಂದಿದ್ದರೆ ಬಿಚ್ಚಬಲ್ಲದು, ‘ಎನ್ಕ್‌ಸ್ಲೈಸ್’ ಎಂದಿದ್ದರೆ ಸಂಕುಚಿಸಬಲ್ಲದು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬ್ರೌಸರ್ ಅದನ್ನು ಬಳಸುತ್ತಿದೆ ಎಂದಲ್ಲ. ವಿಡಿಯೋ ಓಡುತ್ತಿರುವಾಗಲೇ ಇಂಟೆಲ್ ಆದರೆ ‘ಇಂಟೆಲ್ ಜಿಪಿಯು ಟಾಪ್’, ಉಳಿದವುಗಳಲ್ಲಿ ‘ಎನ್‌ವಿಟಾಪ್’ ತೆರೆದು ವಿಡಿಯೋ ಭಾಗ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಸೊನ್ನೆಯಲ್ಲೇ ನಿಂತಿದ್ದರೆ ಬ್ರೌಸರ್ ಪ್ರೊಸೆಸರಿನಿಂದಲೇ ಬಿಚ್ಚಿಸುತ್ತಿದೆ. ಫೈರ್‌ಫಾಕ್ಸ್ ಲಿನಕ್ಸಿನಲ್ಲಿ ಇಂಟೆಲ್ ಚಿಪ್‌ಗಳಿಗೆ ಈ ಸೌಲಭ್ಯವನ್ನು ತಾನಾಗಿ ಕೊಡತೊಡಗಿದ್ದು 2023ರ 115ನೆಯ ಆವೃತ್ತಿಯಿಂದ, ಎಎಂಡಿಗೆ 2025ರ 136ನೆಯ ಆವೃತ್ತಿಯಿಂದ. ಹಾಗಾಗಿ ಬ್ರೌಸರ್ ಹಳೆಯದಾಗಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಕಾರ್ಡಿನ ಯೋಚನೆ ಮಾಡಿ.

ಈ ಗಂಟೆಯ ಕೆಲಸ ಮುಗಿದ ಮೇಲೂ ಅಗತ್ಯ ಉಳಿದಿದ್ದರೆ, ಎದುರಿಗಿರುವುದು ನಾಲ್ಕು ದಾರಿಗಳು.

ಒಳಗಿರುವ ಇಂಟೆಲನ್ನೇ ನಂಬುವುದು

ಲಿನಕ್ಸಿನಲ್ಲಿ ಅತ್ಯಂತ ನಿರುಪದ್ರವಿ ದಾರಿ ಇದು. ಡ್ರೈವರ್ ಕರ್ನಲ್ಲಿನೊಳಗೇ ಇದೆ, ಅದರ ಮೇಲಿನ ಚಿತ್ರರಚನೆಯ ಭಾಗ ಮೆಸಾ ತಂತ್ರಾಂಶದಲ್ಲಿದೆ, ಎರಡೂ ವಿತರಣೆಯ ಜೊತೆಗೇ ಬರುತ್ತವೆ ಮತ್ತು ಜೊತೆಗೇ ನವೀಕರಣವಾಗುತ್ತವೆ. ವಿದ್ಯುತ್ ಖರ್ಚು ಹೆಚ್ಚುವುದಿಲ್ಲ, ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿಯಲು ಇನ್ನೊಂದು ಫ್ಯಾನೂ ಇರುವುದಿಲ್ಲ.

ಇಲ್ಲಿ ನೋಡಬೇಕಾದದ್ದು ತಲೆಮಾರನ್ನು. ಯೂಟ್ಯೂಬ್ ಹೆಚ್ಚಾಗಿ ವಿಪಿ9 ಮತ್ತು ಎವಿ1 ಮಾದರಿಗಳಲ್ಲಿ ವಿಡಿಯೋ ಕಳುಹಿಸುತ್ತದೆ. ಇಂಟೆಲಿನ 7ನೆಯ ತಲೆಮಾರಿನಿಂದ ವಿಪಿ9ನ್ನೂ 11ನೆಯ ತಲೆಮಾರಿನಿಂದ ಎವಿ1ನ್ನೂ ಚಿಪ್ಪೇ ಬಿಚ್ಚುತ್ತದೆ. ವಿಂಡೋಸ್ 11 ಸಾಮಾನ್ಯವಾಗಿ 8ನೆಯ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ಒಲ್ಲೆನ್ನುವುದರಿಂದ, 7ನೆಯ ತಲೆಮಾರಿನ ಯಂತ್ರಗಳು ಅಗ್ಗಕ್ಕೆ ಬೀದಿಗೆ ಬಿದ್ದಿವೆ, ಮತ್ತು ಲಿನಕ್ಸಿನಲ್ಲಿ ವಿಡಿಯೋ ನೋಡುವ ಮನೆಗೆ ಬೇಕಾದದ್ದೂ ಅವೇ. ಅದಕ್ಕಿಂತ ಹಳೆಯ ಪ್ರೊಸೆಸರ್ ಇರುವವರಿಗೂ ಉಪಾಯವಿದೆ. ಯೂಟ್ಯೂಬನ್ನು ಎಚ್.264 ಮಾದರಿಯಲ್ಲೇ ಕೊಡುವಂತೆ ಒತ್ತಾಯಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿದರೆ 1080ಪಿ ವರೆಗೆ 2ನೆಯ ತಲೆಮಾರಿನ ಚಿಪ್ಪೂ ಸುಖವಾಗಿ ಬಿಚ್ಚುತ್ತದೆ. 4ಕೆ ಸಿಗುವುದಿಲ್ಲ, ತಾಳಮದ್ದಳೆಗೆ 4ಕೆ ಏಕೆ ಬೇಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಒಂದು ಎಡವು ಮಾತ್ರ ನೆನಪಿರಲಿ. ಇಂಟೆಲಿನ ವಿಡಿಯೋ ಡ್ರೈವರ್ ಎರಡಿದೆ: 5ನೆಯ ತಲೆಮಾರಿನಿಂದ ಈಚೆಗೆ ‘ಇಂಟೆಲ್ ಮೀಡಿಯಾ ಡ್ರೈವರ್’, ಅದಕ್ಕಿಂತ ಹಳೆಯದಕ್ಕೆ ‘ಐ965’. ತಪ್ಪಾದದ್ದು ಕೂತಿದ್ದರೆ ವಿಎಇನ್ಫೋ ದೋಷ ತೋರಿಸುತ್ತದೆ, ಪರದೆ ಮಾತ್ರ ಎಲ್ಲವೂ ಸರಿಯಿರುವಂತೆ ನಟಿಸುತ್ತದೆ.

ಕೊರತೆಯೂ ಇದೆ. ಬ್ಲೆಂಡರ್ 4.0ರಿಂದ ಈಚೆಗೆ ಚಿತ್ರ ಬಿಡಿಸುವ ಓಪನ್‌ಜಿಎಲ್ ವ್ಯವಸ್ಥೆಯ 4.3ನೆಯ ಆವೃತ್ತಿ ಬೇಕು. 2ನೆಯ ತಲೆಮಾರಿನ ಚಿಪ್ 3.3ಕ್ಕೆ, 3ನೆಯದು 4.2ಕ್ಕೆ ನಿಲ್ಲುತ್ತದೆ, ಆ ಯಂತ್ರಗಳಲ್ಲಿ ಹೊಸ ಬ್ಲೆಂಡರ್ ತೆರೆಯುವುದೇ ಇಲ್ಲ.

ಎಎಂಡಿ ಕಾರ್ಡು

ಇಂಟೆಲಿನ ನೆಮ್ಮದಿ ಬೇಕು, ಬಲ ಸ್ವಲ್ಪ ಹೆಚ್ಚು ಬೇಕು ಎನ್ನುವವರಿಗೆ ಸಹಜ ಆಯ್ಕೆ ಇದು. ಇದರ ಡ್ರೈವರೂ ಕರ್ನಲ್ ಮತ್ತು ಮೆಸಾಗಳೊಳಗೆ ಇದೆ, ಬೇರೆಯಾಗಿ ಹಾಕಬೇಕಾದದ್ದಿಲ್ಲ. 2009ರಲ್ಲಿ ಬಂದ ಎಚ್‌ಡಿ 5000 ಸರಣಿಯ ಕಾರ್ಡನ್ನು ಇಂದಿನ ಲಿನಕ್ಸಿಗೆ ಸಿಕ್ಕಿಸಿದರೂ ಪರದೆ ತಾನಾಗಿ ಬರುತ್ತದೆ. ಅದೇ ವಯಸ್ಸಿನ ಎನ್ವಿಡಿಯಾ ಕಾರ್ಡಿಗೆ ಕಂಪನಿಯ ಡ್ರೈವರ್ ಬದುಕಿಲ್ಲ. ಮಾಡಿದ ಕಂಪನಿ ಮರೆತ ಮೇಲೂ ಸಮುದಾಯ ಬಾಳಿಸಬಹುದು ಎಂಬುದೇ ತೆರೆದ ಮೂಲದ ಡ್ರೈವರಿನ ಬೆಲೆ.

ಆದರೆ ಇಲ್ಲಿಯೂ ಮಾದರಿ ನೋಡದೆ ಕೊಂಡರೆ ಮೋಸ ಹೋಗುತ್ತೀರಿ. ಬಳಸಿದ ಮಾರುಕಟ್ಟೆಯಲ್ಲಿ ಎಲ್ಲೆಂದರಲ್ಲಿ ಸಿಗುವ ಆರ್ಎಕ್ಸ್ 580 ಆಟಗಳಿಗೆ ಈಗಲೂ ಗಟ್ಟಿ. ಆದರೆ ಅದು ವಿಪಿ9 ವಿಡಿಯೋವನ್ನು ಬಿಚ್ಚುವುದಿಲ್ಲ, 185 ವ್ಯಾಟ್ ನುಂಗುತ್ತದೆ, ಮತ್ತು ಬ್ಲೆಂಡರ್ 2021ರ 3.0 ಆವೃತ್ತಿಯಲ್ಲಿ ಕಾರ್ಡಿನಿಂದ ಲೆಕ್ಕ ಮಾಡಿಸುವ ಓಪನ್‌ಸಿಎಲ್ ಬೆಂಬಲವನ್ನು ಕೈಬಿಟ್ಟ ಮೇಲೆ ಬ್ಲೆಂಡರಿನ ಸೈಕಲ್ಸ್ ರೆಂಡರಿಂಗ್‌ಗೆ ಉಪಯೋಗಕ್ಕೂ ಬರುವುದಿಲ್ಲ. ಇಂತಹ ಕಾರ್ಡುಗಳಲ್ಲಿ ಕ್ರಿಪ್ಟೋ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದು ಬಂದವೂ ಇರುತ್ತವೆ. ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ, ಎಚ್‌ಡಿಎಂಐ ಕಿಂಡಿಯಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಕಡಲ ತಡಿಯ ಊರುಗಳಿಂದ ಬಂದ ಸಾಮಾನಾದರೆ ಈ ಎರಡನೆಯ ಪರೀಕ್ಷೆಯನ್ನು ಬಿಡಲೇಬೇಡಿ.

53 ವ್ಯಾಟಿನ ಆರ್ಎಕ್ಸ್ 6400 ಚಿಕ್ಕ ಕಚೇರಿ ಡೆಸ್ಕ್‌ಟಾಪಿಗೆ ಹಿಡಿಸುವ, ಹೆಚ್ಚುವರಿ ತಂತಿ ಬೇಡದ ಕಾರ್ಡು. ಇದು ವಿಪಿ9 ಬಿಚ್ಚುತ್ತದೆ. ಆದರೆ ಇದರಲ್ಲಿ ಎವಿ1 ಬಿಚ್ಚುವ ಭಾಗವೂ ಇಲ್ಲ, ವಿಡಿಯೋ ಸಂಕುಚಿಸುವ ಭಾಗವಂತೂ ಇಲ್ಲವೇ ಇಲ್ಲ. ನೇರಪ್ರಸಾರ ಮಾಡುವವರು ಇದನ್ನು ಕೊಂಡರೆ ಪಶ್ಚಾತ್ತಾಪ ಪಡುತ್ತಾರೆ. ಆರ್ಎಕ್ಸ್ 6600ರಲ್ಲಿ ಎರಡೂ ಇವೆ, ಬ್ಲೆಂಡರೂ ಎಎಂಡಿಯ ಲೆಕ್ಕಾಚಾರದ ತಂತ್ರಾಂಶವಾದ ಎಚ್ಐಪಿ ಮೂಲಕ ಅದನ್ನು ಬಳಸುತ್ತದೆ. ಆದರೆ ಅದಕ್ಕೆ 132 ವ್ಯಾಟು, ಪ್ರತ್ಯೇಕ ತಂತಿ, ಒಳ್ಳೆಯ ಪವರ್ ಸಪ್ಲೈ ಬೇಕು, ಮತ್ತು ಎಚ್ಐಪಿ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕು. ಮದರ್‌ಬೋರ್ಡು ಎಎಂಡಿಯದೇ ಆಗಿದ್ದರೆ ರೈಜೆನ್ 2200ಜಿ, 2400ಜಿಗಳಂತಹ ಪ್ರೊಸೆಸರುಗಳೊಳಗಿನ ವೇಗಾ ಗ್ರಾಫಿಕ್ಸ್ ವಿಪಿ9ನ್ನು ತಾನೇ ಬಿಚ್ಚುತ್ತದೆ. ಮನೆಬಳಕೆಗೆ ಬೇರೆ ಕಾರ್ಡು ಬೇಡ.

ಫೆಡೋರಾ ಹಾಕಿಕೊಂಡವರಿಗೆ ಒಂದು ಸೂಚನೆ. ಪೇಟೆಂಟ್ ಕಾರಣದಿಂದ 2022ರ ಫೆಡೋರಾ 37ರಿಂದ ಅದರ ಮೆಸಾದಲ್ಲಿ ಎಚ್.264 ಮತ್ತು ಎಚ್ಇವಿಸಿ ಮಾದರಿಯ ವಿಡಿಯೋ ಸೌಲಭ್ಯವನ್ನು ತೆಗೆಯಲಾಗಿದೆ. ಎಎಂಡಿ ಕಾರ್ಡಿನಲ್ಲಿ ದೋಷವಿದೆಯೆಂದು ಕೊರಗುವ ಮೊದಲು ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ‘ಫ್ರೀವರ್ಲ್ಡ್’ ಹೆಸರಿನ ಪ್ಯಾಕೇಜನ್ನು ಹಾಕಿ ನೋಡಿ.

ಎನ್ವಿಡಿಯಾ, ಕಂಪನಿಯ ಡ್ರೈವರಿನೊಡನೆ

2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎನ್ವಿಡಿಯಾದ ಬಗ್ಗೆ ಆಡಿದ ಬೈಗುಳ ಜಗತ್ತಿಗೇ ಗೊತ್ತು. ಆ ಮೇಲೆ ನೀರು ಸಾಕಷ್ಟು ಹರಿದಿದೆ. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನಲ್ ಭಾಗದ ಮೂಲವನ್ನು ತೆರೆದಿಟ್ಟಿತು. ಅದು ಟ್ಯೂರಿಂಗ್ ತಲೆಮಾರು ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಮತ್ತು ಬಳಕೆದಾರರ ಕಡೆಯ ಭಾಗಗಳು, ಅಂದರೆ ಚಿತ್ರ ಬಿಡಿಸುವ ಓಪನ್‌ಜಿಎಲ್ ಮತ್ತು ವಲ್ಕನ್, ಲೆಕ್ಕಾಚಾರದ ಕುಡಾ, ಈಗಲೂ ಮುಚ್ಚಿದವೇ.

ಆದ್ದರಿಂದ ಎನ್ವಿಡಿಯಾ ಕೊಳ್ಳುವವರು ಕಾರ್ಡುಗಳನ್ನು ಮೂರು ರಾಶಿ ಹಾಕಬೇಕು. ಜಿಟಿಎಕ್ಸ್ 1650 ಮತ್ತು ಆರ್‌ಟಿಎಕ್ಸ್ ಎಂಬ ಹೆಸರಿನವೆಲ್ಲ ಟ್ಯೂರಿಂಗ್ ಅಥವಾ ನಂತರದವು. ಇವುಗಳ ಮುಂದೆ ದಾರಿ ಇದೆ. ಜಿಟಿಎಕ್ಸ್ 750, 900 ಸರಣಿ, ಜಿಟಿ 1030, ಜಿಟಿಎಕ್ಸ್ 1050 ಮುಂತಾದ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಕಾರ್ಡುಗಳಿಗೆ 580ರ ಶಾಖೆಯೇ ಕೊನೆಯದು. ಈಗ ನಡೆಯುತ್ತದೆ, ಆದರೆ ಬಸ್ಸಿನ ಕೊನೆಯ ಟ್ರಿಪ್ಪು ಹೊರಟಿದೆ ಎಂದು ತಿಳಿದೇ ಹತ್ತಬೇಕು. ಕೆಪ್ಲರ್ ಮತ್ತು ಫರ್ಮಿ, ಅಂದರೆ ಜಿಟಿ 710, ಜಿಟಿ 730, ಜಿಟಿಎಕ್ಸ್ 600ರ ಸರಣಿ, ಇವುಗಳನ್ನು ಉಚಿತವಾಗಿ ಕೊಟ್ಟರೂ ಲಿನಕ್ಸಿಗಾಗಿ ತೆಗೆದುಕೊಳ್ಳಬೇಡಿ. ಕೆಪ್ಲರಿನ 470ರ ಶಾಖೆಯೂ 2024ರಲ್ಲಿ ಮುಗಿಯಿತು. ಹಳೆಯ ಶಾಖೆಗಳು ಪರದೆ ನಡೆಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನ್ನು ನೆಚ್ಚಿಕೊಂಡವು; ಉಬುಂಟು 25.10ರಲ್ಲಿ ಅದರ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನ ಎಕ್ಸ್11 ಅಧಿವೇಶನವೇ ಇಲ್ಲ.

ಲಾಭವೂ ಕಡಿಮೆಯಲ್ಲ. ಬ್ಲೆಂಡರಿನ ಸೈಕಲ್ಸ್‌ಗೆ ಕುಡಾ ಮತ್ತು ಆಪ್ಟಿಕ್ಸ್‌ನಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ. ನೇರಪ್ರಸಾರದ ತಂತ್ರಾಂಶ ಓಬಿಎಸ್‌ನಲ್ಲಿ ಎನ್ವಿಡಿಯಾದ ಸಂಕುಚಿಸುವ ಭಾಗವಾದ ಎನ್‌ವೆಂಕ್ ಆರಿಸಿದರೆ ಪ್ರೊಸೆಸರಿಗೆ ಭಾರವಾಗದೆ ಪ್ರಸಾರ ನಡೆಯುತ್ತದೆ. ಇಲ್ಲಿಯೂ ಹೊಂಚುಗಳಿವೆ: ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ, ಮತ್ತು ಅದೇ ಹೆಸರಿನಲ್ಲಿ ವೇಗದ ಜಿಡಿಡಿಆರ್5 ಸ್ಮೃತಿಯದೂ ನಿಧಾನದ ಡಿಡಿಆರ್4 ಸ್ಮೃತಿಯದೂ ಎರಡಿವೆ.

ಬ್ರೌಸರಿನ ವಿಡಿಯೋದಲ್ಲಿ ಎನ್ವಿಡಿಯಾ ಹಿಂದೆ. ಲಿನಕ್ಸಿನ ಬ್ರೌಸರಿಗೆ ಬರುವುದು ವಿಎ-ಎಪಿಐ ಎಂಬ ಭಾಷೆ, ಎನ್ವಿಡಿಯಾ ಆಡುವುದು ಎನ್‌ವಿಡೆಕ್. ಮಲಯಾಳದಲ್ಲಿ ಬಂದ ನಮೂನೆಯನ್ನು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳುವ ಮೊಮ್ಮಗಳಂತೆ, ಸಮುದಾಯದವರು ಬರೆದ ಒಂದು ದುಭಾಷಿ ಡ್ರೈವರ್ ಇವೆರಡರ ನಡುವೆ ನಿಂತು ಫೈರ್‌ಫಾಕ್ಸಿನ ಕೆಲಸ ನಡೆಸಿಕೊಡುತ್ತದೆ. ಅದನ್ನು ಹಾಕಿ, ಒಂದೆರಡು ಪರಿಸರ ಚರಗಳನ್ನು (ಎನ್ವಿರಾನ್ಮೆಂಟ್ ವೇರಿಯಬಲ್) ಕೈಯಾರೆ ಹೊಂದಿಸಬೇಕು. ಬರಿಯ ವಿಡಿಯೋ ನೋಡುವುದಕ್ಕೆ ಈ ಕಷ್ಟ ಏಕೆ?

ಉಸ್ತುವಾರಿಯ ಪ್ರಶ್ನೆ ಇಲ್ಲಿ ಗಂಭೀರವಾಗುತ್ತದೆ. ಈ ಡ್ರೈವರ್ ಕರ್ನಲ್ಲಿನ ಹೊರಗಿನದಾದ್ದರಿಂದ ಪ್ರತಿ ಕರ್ನಲ್ ನವೀಕರಣಕ್ಕೂ ಅದರ ಮಾಡ್ಯೂಲ್ ಹೊಸದಾಗಿ ಸಿದ್ಧವಾಗಬೇಕು. ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ಮಾಡುತ್ತದೆ, ಕರ್ನಲ್ ಹೆಡರ್ ಪ್ಯಾಕೇಜು ಇಲ್ಲದಿದ್ದರೆ ಸೋಲುತ್ತದೆ. ಸಹಿಯಿಲ್ಲದ ತಂತ್ರಾಂಶ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಆ ಮಾಡ್ಯೂಲಿಗೆ ಸಹಿ ಬೇಕು. ಹಾಕುವಾಗ ಒಂದು ಗುಪ್ತಪದ ಕೇಳುತ್ತದೆ, ಮರುಚಾಲನೆಯಲ್ಲಿ ನೀಲಿ ಪರದೆ ಬಂದು ಕೀಲಿಯನ್ನು ನೋಂದಾಯಿಸಲು ಹೇಳುತ್ತದೆ. ವಿಂಡೋಸಿನ ನೀಲಿ ಪರದೆಯ ಭಯವಿರುವ ನಮ್ಮವರು ಗಾಬರಿಯಿಂದ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಅಲ್ಲಿಗೆ ಮಾಡ್ಯೂಲ್ ಏಳುವುದಿಲ್ಲ, ನೂವೋವನ್ನು ಮೊದಲೇ ತಡೆಯಲಾಗಿರುತ್ತದೆ, ಉಳಿಯುವುದು ಹಿಗ್ಗಿದ ಅಕ್ಷರಗಳ ಮಂದ ಪರದೆ. ಇದನ್ನು ಸರಿಪಡಿಸಲು ಕಾರ್ಡು ಬಿಚ್ಚಬೇಕಾಗಿಲ್ಲ; ಕೀಲಿಯನ್ನು ಮತ್ತೆ ನೋಂದಾಯಿಸಿದರೆ ಸಾಕು. ಡ್ರೈವರನ್ನು ಕಂಪನಿಯ ತಾಣದಿಂದ ಇಳಿಸಿಕೊಂಡು ಹಾಕುವ ಬದಲು ವಿತರಣೆಯ ಭಂಡಾರದಿಂದಲೇ ಹಾಕಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಲಿನಕ್ಸ್ ಮಿಂಟಿನ ಡ್ರೈವರ್ ಮ್ಯಾನೇಜರ್ ಈ ವಿಷಯದಲ್ಲಿ ಹೊಸಬರಿಗೆ ಸ್ನೇಹಿತ. ವಿತರಣೆಯ ಭಂಡಾರದಿಂದಲ್ಲದೆ ಫ್ಲಾಟ್‌ಪ್ಯಾಕ್ ಎಂಬ ಪ್ರತ್ಯೇಕ ವ್ಯವಸ್ಥೆಯ ಮೂಲಕ ತಂತ್ರಾಂಶ ಹಾಕಿಕೊಂಡವರು ಎನ್ವಿಡಿಯಾ ಡ್ರೈವರ್ ಬದಲಾದ ಕೂಡಲೇ ಫ್ಲಾಟ್‌ಪ್ಯಾಕನ್ನೂ ನವೀಕರಿಸಬೇಕು. ಎರಡರ ಆವೃತ್ತಿ ಹೊಂದದಿದ್ದರೆ ಆ ತಂತ್ರಾಂಶಗಳಷ್ಟೇ ತೆವಳುತ್ತವೆ, ಉಳಿದ ಯಂತ್ರ ಓಡುತ್ತಿರುತ್ತದೆ.

ಎಕ್ಸ್11ರ ಬದಲು ಬಂದ ವೇಲ್ಯಾಂಡಿನಲ್ಲಿ ಎನ್ವಿಡಿಯಾ ಪರದೆ ಮಿನುಗುತ್ತದೆ ಎಂಬ ದೂರು 2024ರ 555ನೆಯ ಡ್ರೈವರಿನ ನಂತರ ಬಹಳಷ್ಟು ತಗ್ಗಿದೆ. ಇನ್ನೂ ಮಿನುಗುತ್ತಿದ್ದರೆ ಹಳೆಯ ಡ್ರೈವರಿನಲ್ಲೇ ಇದ್ದೀರಿ ಎಂದು ಮೊದಲು ಶಂಕಿಸಿ.

ಎನ್ವಿಡಿಯಾ, ನೂವೋ ಮತ್ತು ಎನ್‌ವಿಕೆಯೊಡನೆ

ಕಂಪನಿಯ ಡ್ರೈವರ್ ಬೇಡವೆನ್ನುವವರಿಗೆ, ಅಥವಾ ಅದು ಸತ್ತುಹೋದವರಿಗೆ, ಸಮುದಾಯದ ನೂವೋ ಇದೆ. ಟ್ಯೂರಿಂಗ್ ನಂತರದ ಕಾರ್ಡುಗಳಲ್ಲಿ 6.7ನೆಯ ಕರ್ನಲ್ಲಿನಿಂದ ಕಂಪನಿಯ ಜಿಎಸ್‌ಪಿ ಫರ್ಮ್‌ವೇರ್ ಮೂಲಕ ಕಾರ್ಡು ಪೂರ್ಣ ವೇಗಕ್ಕೆ ಏರಬಲ್ಲದು, ಮೇಲೆ ಮೆಸಾದ ಎನ್‌ವಿಕೆ ವಲ್ಕನ್ ಡ್ರೈವರ್ ದಿನೇ ದಿನೇ ಬಲಿಯುತ್ತಿದೆ. ಡೆಸ್ಕ್‌ಟಾಪ್ ಬಳಕೆಗೆ ಸಾಕು. ಕುಡಾ ಇಲ್ಲ, ಎನ್‌ವೆಂಕ್ ಇಲ್ಲ. ಅತ್ಯಂತ ದುರದೃಷ್ಟದ್ದು ಜಿಟಿಎಕ್ಸ್ 900 ಮತ್ತು 1000 ಸರಣಿ. ಅವುಗಳ ಫರ್ಮ್‌ವೇರ್‌ಗೆ ಕಂಪನಿಯ ಸಹಿ ಬೇಕಾದ್ದರಿಂದ ನೂವೋ ಅವುಗಳ ಗಡಿಯಾರ ವೇಗವನ್ನು ಏರಿಸಲಾರದು; ಬೂಟ್ ಆದ ತಗ್ಗಿನ ವೇಗದಲ್ಲೇ ಅವು ಕೊನೆತನಕ ತೆವಳುತ್ತವೆ. ಇಂತಹ ಕಾರ್ಡಿದ್ದು ಪ್ರೊಸೆಸರಿನೊಳಗೆ ಇಂಟೆಲ್ ಗ್ರಾಫಿಕ್ಸ್ ಇದ್ದರೆ, 580ರ ಶಾಖೆ ಕೈಬಿಟ್ಟ ದಿನ ಕಾರ್ಡನ್ನು ಕಳಚಿಡುವುದೇ ವಾಸಿ.

ವಿತರಣೆಯ ವಯಸ್ಸು

ಹೊಸ ಕಾರ್ಡು ಹಳೆಯ ವಿತರಣೆಯಲ್ಲಿ ನಡೆಯುವುದಿಲ್ಲ. ಶಾಲೆಯಲ್ಲಿ ಅಭ್ಯಾಸವಾದದ್ದೇ ಮನೆಯಲ್ಲೂ ಇರಲಿ ಎಂದು ಉಬುಂಟು 22.04 ಆಧಾರದ ಕೈಟ್ ವ್ಯವಸ್ಥೆಯನ್ನು ಹಾಕಿದವರು 2025ರ ಆರ್ಎಕ್ಸ್ 9000 ಸರಣಿಯನ್ನೋ ಇಂಟೆಲಿನ ಆರ್ಕ್ ಬಿ580ಯನ್ನೋ ತಂದರೆ, ಅವುಗಳಿಗೆ ಬೇಕಾದ ಕರ್ನಲ್ಲೂ ಮೆಸಾವೂ ಅಲ್ಲಿಲ್ಲ. ಕಾರ್ಡಿನ ಹುಟ್ಟಿದ ವರ್ಷಕ್ಕಿಂತ ವಿತರಣೆಯದು ಒಂದು ವರ್ಷವಾದರೂ ಈಚಿನದಾಗಿರಲಿ ಎಂಬ ಸ್ಥೂಲ ಲೆಕ್ಕ ನನಗೆ ಇದುವರೆಗೆ ಕೈಕೊಟ್ಟಿಲ್ಲ. ಹಳೆಯ ಯಂತ್ರ, ಹಳೆಯ ಕಾರ್ಡು ಇದ್ದವರಿಗೆ 22.04ಕ್ಕೂ 24.04ಕ್ಕೂ ಹೆಚ್ಚು ಭೇದ ಕಾಣುವುದಿಲ್ಲ.

ಯಾರಿಗೆ ಯಾವುದು

ಮೊದಲ ಬಗೆಯವರು ಏನನ್ನೂ ಕೊಳ್ಳಬೇಡಿ. ತಪಾಸಣೆ ಮಾಡಿ, ನೋಮೋಡ್‌ಸೆಟ್ ಅಳಿಸಿ, ವಿಡಿಯೋ ಡ್ರೈವರ್ ಹೊಂದಿಸಿ. ಉಳಿದ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸಿದರೆ ಕಾರ್ಡಿಗಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಯಂತ್ರವೇ 3ನೆಯ ತಲೆಮಾರಿಗಿಂತ ಹಳೆಯದಾದರೆ ಅದಕ್ಕೆ ಕಾರ್ಡು ಹುಡುಕುವ ಬದಲು 7ನೆಯ ತಲೆಮಾರಿನ ಬಳಸಿದ ಡೆಸ್ಕ್‌ಟಾಪನ್ನೇ ಹುಡುಕಿ.

ಬ್ಲೆಂಡರ್ ಕಲಿಯುವ ಮಗುವಿಗೆ ಮೊದಲ ವರ್ಷ ಕಾರ್ಡು ಬೇಕಾಗುವುದಿಲ್ಲ. ಮಾದರಿ ರಚನೆಗೆ 5ನೆಯ ತಲೆಮಾರಿನಿಂದ ಈಚಿನ ಇಂಟೆಲ್ ಸಾಕು, ರೆಂಡರಿಂಗ್ ರಾತ್ರಿ ಪ್ರೊಸೆಸರಿನಲ್ಲೇ ನಡೆಯಲಿ. ಹುಚ್ಚು ಉಳಿದು ಬೆಳೆದರೆ ಬಳಸಿದ ಜಿಟಿಎಕ್ಸ್ 1650 ನನ್ನ ಮೊದಲ ಆಯ್ಕೆ: 75 ವ್ಯಾಟು, ಹೆಚ್ಚಿನ ಮಾದರಿಗಳಿಗೆ ಬೇರೆ ತಂತಿ ಬೇಡ, ಡ್ರೈವರಿಗೆ ಆಯುಷ್ಯವಿದೆ. ಸ್ಮೃತಿ ನಾಲ್ಕೇ ಜಿಬಿ ಎಂಬುದು ಅದರ ಮಿತಿ. ಎನ್ವಿಡಿಯಾದ ಉಸ್ತುವಾರಿ ಬೇಡವೆನ್ನುವ, ಪವರ್ ಸಪ್ಲೈ ಬದಲಿಸಲು ಸಿದ್ಧರಿರುವ ಮನೆಗೆ ಎಂಟು ಜಿಬಿಯ ಆರ್ಎಕ್ಸ್ 6600 ಒಳ್ಳೆಯದು. ಎಚ್ಐಪಿ ಹಾಕುವ ಒಂದು ದಿನದ ತಲೆನೋವು ಮಾತ್ರ ಸಹಿಸಬೇಕು.

ಬಯಲಾಟದ ಪ್ರಸಾರಕ್ಕೆ ಬೇಕಾದದ್ದು ಸಂಕುಚಿಸುವ ಭಾಗ, ಆಟದ ಬಲವಲ್ಲ. ಇಂಟೆಲಿನ ಒಳಗಿನ ಚಿಪ್ಪೇ ವಿಎ-ಎಪಿಐ ಮೂಲಕ ಒಂದು ಕ್ಯಾಮೆರಾದ 1080ಪಿ ಎಚ್.264 ಪ್ರಸಾರವನ್ನು ನಿಭಾಯಿಸುತ್ತದೆ. ಉಬುಂಟುವಿನಲ್ಲಿ ಇಂಟೆಲ್ ಮೀಡಿಯಾ ಡ್ರೈವರಿನ ‘ನಾನ್ ಫ್ರೀ’ ರೂಪವನ್ನು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಆ ಸಾಮರ್ಥ್ಯ ಪೂರ್ತಿ ಕೈಗೆ ಸಿಗುವುದಿಲ್ಲ. ಎರಡು ಮೂರು ಕ್ಯಾಮೆರಾ ಬೆರೆಸುವವರು ಜಿಟಿಎಕ್ಸ್ 1650ಕ್ಕೆ ಹೋಗಬಹುದು. ಇಂಟೆಲಿನ ಆರ್ಕ್ ಎ380 ಎವಿ1ನ್ನೂ ಸಂಕುಚಿಸುತ್ತದೆ, ಆದರೆ ಅದು ರೀಸೈಜಬಲ್ ಬಾರ್ (ಕಾರ್ಡಿನ ಸ್ಮೃತಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ ಸೌಲಭ್ಯ) ಇರುವ ಮದರ್‌ಬೋರ್ಡನ್ನು ಬಯಸುವುದರಿಂದ 10ನೆಯ ತಲೆಮಾರಿಗಿಂತ ಹಳೆಯ ಯಂತ್ರದವರಿಗೆ ಹೇಳಲಾರೆ. ವಿಡಿಯೋ ಸಂಕಲನಕ್ಕಾಗಿ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಮೇಲೆ ಕಣ್ಣಿಟ್ಟವರಿಗೆ ಒಂದು ವಿಷಯ ತಿಳಿದಿರಲಿ: ಲಿನಕ್ಸಿನಲ್ಲಿ ಅದರ ಉಚಿತ ಆವೃತ್ತಿ ಎಚ್.264 ಕಡತಗಳನ್ನು ತೆರೆಯುವುದಿಲ್ಲ. ಎಷ್ಟೇ ದುಬಾರಿ ಕಾರ್ಡು ಹಾಕಿದರೂ ಇದು ಬದಲಾಗುವುದಿಲ್ಲ. ಕೆಡೆನ್‌ಲೈವ್ ಎಂಬ ಉಚಿತ ಸಂಕಲನ ತಂತ್ರಾಂಶ ಕಲಿಯುವುದೇ ಅಗ್ಗ.

ಪ್ರಸಾರದ ವಾರದಲ್ಲಿ ಯಾವ ನವೀಕರಣವನ್ನೂ ಮಾಡಬೇಡಿ. ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಉಳಿದಿದೆಯೇ ಎಂದು ನೋಡಿಕೊಳ್ಳಿ, ಅದರಿಂದ ಒಮ್ಮೆ ಬೂಟ್ ಮಾಡಿಯೂ ನೋಡಿ. ಮನೆಯಲ್ಲಿ ಎರಡು ಗಂಟೆ ಸುಮ್ಮನೆ ರೆಕಾರ್ಡಿಂಗ್ ಓಡಿಸಿ, ಎನ್‌ವಿಟಾಪಿನಲ್ಲಿ ಸಂಕುಚಿಸುವ ಭಾಗ ದುಡಿಯುತ್ತಿದೆಯೆಂದೂ ಉಷ್ಣತೆ ಏರುತ್ತಲೇ ಹೋಗುತ್ತಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಆಟವಾದರೆ ಮೊದಲ ಗುಡುಗು ಕೇಳಿದೊಡನೆ ಎಳೆಯಬೇಕಾದ ತಂತಿಗಳು ಯಾವುವೆಂದು ಪಕ್ಕದಲ್ಲಿ ಕೂತವರಿಗೂ ತೋರಿಸಿಡಿ.